ಅಣ್ಣತಮ್ಮಂದಿರ ಬ್ಯಾಂಡು, ಅಕ್ಕಂದಿರ ಹಾಡು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಗೆ ರಾಕ್ ಸಂಗೀತದಲ್ಲಿ ಸಾಕ್ಷಿ ಹುಡುಕುತ್ತ ಹೊರಟವರು ಬೇಗನೇ ಬಂದು ನಿಲ್ಲುವುದು ಲಂಡನ್ನಿನ ‘ದಿ ಕಿಂಕ್ಸ್’ ಬ್ಯಾಂಡಿನ ಎದುರಿಗೆ. ಅಣ್ಣ ರೇ ಡೇವಿಸ್ ಹಾಡು ಕಟ್ಟಿ ಹಾಡಿದ, ತಮ್ಮ ಡೇವ್ ಗಿಟಾರ್ ನುಡಿಸಿದ. ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬರನ್ನೊಬ್ಬರು ಬಿಡಲೂ ಆಗದೆ, ಸಹಿಸಲೂ ಆಗದೆ ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತರು. ಈ ಬ್ಯಾಂಡಿನ ಕಥೆ ಹೇಳುವವರು ಎರಡು ಸಂಗತಿಗಳನ್ನು ತಪ್ಪಿಸುವುದಿಲ್ಲ. ಒಂದು, ಈ ಕಲಹ. ಎರಡು, 1965ರ ಅಮೆರಿಕ ಪ್ರವಾಸ ಹದಗೆಟ್ಟು, ಅಲ್ಲಿನ ಸಂಗೀತಗಾರರ ಒಕ್ಕೂಟ ನಾಲ್ಕು ವರ್ಷ ಇವರಿಗೆ ಬಾಗಿಲು ಹಾಕಿದ್ದು. ಅಮೆರಿಕ ಕೈತಪ್ಪಿದ್ದಕ್ಕೇ ರೇ ತನ್ನ ಊರಿನ ಕಡೆ ಮುಖ ಮಾಡಿದ, ಇಂಗ್ಲೆಂಡಿನ ಬದುಕನ್ನು ಹಾಡಾಗಿಸಿದ ಎನ್ನುವುದು ಈಗ ಎಲ್ಲರೂ ಒಪ್ಪಿಕೊಂಡಿರುವ ವ್ಯಾಖ್ಯಾನ. ಕೇಳಲು ಚೆನ್ನಾಗಿದೆ. ಆದರೆ ಹಾಡುಗಳನ್ನೇ ವರುಷದ ಲೆಕ್ಕದಲ್ಲಿ ಸಾಲಾಗಿಟ್ಟು ನೋಡಿದರೆ ಬೇರೊಂದು ವಂಶಾವಳಿ ಕಾಣುತ್ತದೆ. ಅದು ಈ ಇಬ್ಬರು ಗಂಡುಮಕ್ಕಳಿಗಿಂತ ಮೊದಲು ಆ ಮನೆಯಲ್ಲಿ ಹುಟ್ಟಿದ್ದ ಆರು ಹೆಣ್ಣುಮಕ್ಕಳದು.

ಉತ್ತರ ಲಂಡನ್ನಿನ ಫೋರ್ಟಿಸ್ ಗ್ರೀನ್‌ನಲ್ಲಿ ದುಡಿಯುವ ವರ್ಗದ ಆ ಮನೆ ಇತ್ತು. ರೇ ಹುಟ್ಟಿದ್ದು 1944ರಲ್ಲಿ, ಡೇವ್ 1947ರಲ್ಲಿ. ಅಷ್ಟು ಹೊತ್ತಿಗೆ ಹಿರಿಯ ಅಕ್ಕಂದಿರು ಬೆಳೆದು ನಿಂತಿದ್ದರು. ಹುಡುಗರಿಗೆ ತಾಯಿಯೊಬ್ಬಳೇ ಅಲ್ಲ, ಹಲವರು ತಾಯಂದಿರು. ನಮ್ಮಲ್ಲಾದರೆ ಪಡಸಾಲೆ ಎನ್ನಬಹುದಾದ ಮುಂದಿನ ಕೋಣೆಯಲ್ಲಿ ಒಂದು ಪಿಯಾನೊ. ಶನಿವಾರ ರಾತ್ರಿ ಅದರ ಸುತ್ತ ಮನೆಮಂದಿಯೆಲ್ಲ ಸೇರಿ ಹಳೆಯ ಮ್ಯೂಸಿಕ್ ಹಾಲ್ ಹಾಡುಗಳನ್ನು ಹಾಡುತ್ತಿದ್ದರು, ಅಕ್ಕಂದಿರು ಕುಣಿಯುತ್ತಿದ್ದರು. ಅವರಲ್ಲೊಬ್ಬಳು ರೆನೆ. ಮದುವೆಯಾಗಿ ಕೆನಡಾಕ್ಕೆ ಹೋಗಿ, ಹೃದಯದ ಕಾಯಿಲೆಯೊಂದಿಗೆ ಮರಳಿದ್ದವಳು. 1957ರ ಜೂನ್‌ನಲ್ಲಿ ರೇಗೆ ಹದಿಮೂರು ತುಂಬಿದಾಗ ಅವನು ಆಸೆಪಟ್ಟಿದ್ದ ಸ್ಪ್ಯಾನಿಷ್ ಗಿಟಾರನ್ನು ಉಡುಗೊರೆ ಕೊಟ್ಟವಳು ಅವಳೇ. ಅದೇ ರಾತ್ರಿ ಲಂಡನ್ನಿನ ಲೈಸಿಯಂ ನೃತ್ಯಶಾಲೆಗೆ ಹೋದಳು; ಕುಣಿಯುತ್ತಿದ್ದಾಗಲೇ ಹೃದಯ ನಿಂತಿತು. ಕಾದಂಬರಿಕಾರ ಹೀಗೆ ಬರೆದಿದ್ದರೆ ಅತಿಯಾಯಿತು ಎಂದು ಓದುಗರು ಮುಖ ಸಿಂಡರಿಸುತ್ತಿದ್ದರೇನೋ.

ಬ್ಯಾಂಡು ಕಣ್ಣಿಗೆ ಬಿದ್ದದ್ದು ಮಾತ್ರ ಈ ದುಃಖದಿಂದಲ್ಲ, ಗದ್ದಲದಿಂದ. 1964ರಲ್ಲಿ ಬಂದ ಮೊದಲ ಎರಡು ರೆಕಾರ್ಡುಗಳನ್ನು ಯಾರೂ ಮೂಸಲಿಲ್ಲ. ಮೂರನೆಯದು ‘ಯೂ ರಿಯಲಿ ಗಾಟ್ ಮಿ’. ಅದರ ಮೂಲ ಸ್ವರಗುಚ್ಛ ರೇಗೆ ಹೊಳೆದದ್ದು ಪಡಸಾಲೆಯ ಅದೇ ಪಿಯಾನೊ ಮೇಲೆ. ಡೇವ್ ತನ್ನ ಅಗ್ಗದ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಅದನ್ನು ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದ. ಹರಿದ ಸ್ಪೀಕರು ಗರಗರ ಎನ್ನತೊಡಗಿತು. ಆ ಗರಗರವೇ ಹಾಡಿನ ಜೀವಾಳವಾಯಿತು. ಮೊದಲು ನಿಧಾನಗತಿಯಲ್ಲಿ ಮುದ್ರಿಸಿದ್ದನ್ನು ರೇ ಒಪ್ಪದೆ, ಹಟ ಹಿಡಿದು ಮತ್ತೆ ಮುದ್ರಿಸಿದ. ಸೆಪ್ಟೆಂಬರ್ ಹೊತ್ತಿಗೆ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು. 1978ರಲ್ಲಿ ಇದೇ ಹಾಡನ್ನು ಎತ್ತಿಕೊಂಡು ಹೆಸರು ಮಾಡಿದ ವ್ಯಾನ್ ಹೇಲೆನ್ ಕೂಡ ಅಣ್ಣತಮ್ಮಂದಿರ ಬ್ಯಾಂಡೇ ಎನ್ನುವುದು ಕಾಕತಾಳೀಯ.

ಇಲ್ಲಿಂದ ಮುಂದಿನ ದಾರಿ ಮುಂಬಯಿಯ ಮೂಲಕ ಹಾಯುತ್ತದೆ. 1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ ತಂಡ ನಡುವೆ ಮುಂಬಯಿಯಲ್ಲಿ ತಂಗಿತ್ತು. ಬೆಳಗಿನ ಜಾವ ಕಡಲ ದಂಡೆಯಲ್ಲಿ ಬೆಸ್ತರು ಹಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದುದು ರೇ ಕಿವಿಗೆ ಬಿತ್ತು. ಅದರಿಂದ ಹುಟ್ಟಿದ ‘ಸೀ ಮೈ ಫ್ರೆಂಡ್ಸ್’ ಜುಲೈನಲ್ಲಿ ಬಂತು. ಸಿತಾರ್ ಇಲ್ಲ, ಗಿಟಾರೇ ತಂಬೂರಿಯಂತೆ ಒಂದೇ ಶ್ರುತಿ ಹಿಡಿದು ಗುಂಯ್‌ಗುಟ್ಟುತ್ತದೆ. ಬೀಟಲ್ಸ್ ಸಿತಾರ್ ನುಡಿಸಿದ ರೆಕಾರ್ಡು ಬರಲು ಇನ್ನೂ ನಾಲ್ಕು ತಿಂಗಳಿತ್ತು. ಹಾಗಾಗಿ ಪಾಶ್ಚಾತ್ಯ ಪಾಪ್‌ನಲ್ಲಿ ಭಾರತದ ನಾದ ಕೇಳಿಸಿದ ಮೊದಲ ಹಾಡುಗಳಲ್ಲಿ ಇದನ್ನು ಎಣಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಆ ಶ್ರುತಿಯ ಮೇಲೆ ಅವನು ಕೂರಿಸಿದ ವಿಷಯ. ನದಿಯಾಚೆಗೆ ಹೋದವರು, ಈಚೆ ದಂಡೆಯಲ್ಲಿ ಉಳಿದವನು. ಇದರ ಹಿಂದೆ ರೆನೆಯ ಸಾವಿದೆ ಎಂಬ ಮಾತು ಆಮೇಲೆ ಬಂತು. ಹೊಸ ನಾದವೊಂದು ಸಿಕ್ಕಾಗ ಅವನು ಅದರಲ್ಲಿ ಇಳಿಸಿದ್ದು ಹಳೆಯ ನೋವನ್ನೇ.

ಇನ್ನೊಬ್ಬ ಅಕ್ಕ ರೋಸಿ. ಬಾಲ್ಯದಲ್ಲಿ ಕೆಲಕಾಲ ರೇ ಇದ್ದದ್ದೇ ಅವಳ ಮನೆಯಲ್ಲಿ. 1964ರಲ್ಲಿ ಅವಳು ಗಂಡ ಆರ್ಥರ್ ಜೊತೆ ಆಸ್ಟ್ರೇಲಿಯಾಕ್ಕೆ ವಲಸೆ ಹೋದಳು. ಬ್ರಿಟನ್ನಿನಿಂದ ಹೋಗುವ ವಯಸ್ಕರಿಗೆ ಕೇವಲ 10 ಪೌಂಡ್ ಪ್ರಯಾಣ ವೆಚ್ಚ ಹಾಕಿ ಆ ದೇಶ ಕರೆಸಿಕೊಳ್ಳುತ್ತಿದ್ದ ಕಾಲ ಅದು. 1966ರ ಆಲ್ಬಮ್ಮಿನಲ್ಲಿ ರೋಸಿಯ ಹೆಸರು ಹಿಡಿದೇ ಮನೆಗೆ ಬಾ ಎಂದು ಕರೆಯುವ ಹಾಡಿದೆ. 1969ರಲ್ಲಿ ‘ಆರ್ಥರ್’ ಎಂಬ ಪೂರಾ ಆಲ್ಬಮ್ಮೇ ಬಂತು: ಭಾವನ ಸಣ್ಣ ಬದುಕಿನಲ್ಲಿ ಒಂದು ಸಾಮ್ರಾಜ್ಯದ ಇಳಿಗಾಲವನ್ನು ಕಂಡ ಕೃತಿ. ಇವೆರಡರ ನಡುವೆ, 1967ರಲ್ಲಿ, ‘ವಾಟರ್ಲೂ ಸನ್‌ಸೆಟ್’. ಅದರಲ್ಲಿ ಬರುವ ಟೆರಿ ಮತ್ತು ಜೂಲಿ ಅಂದಿನ ಸಿನಿಮಾ ತಾರೆಯರಾದ ಟೆರೆನ್ಸ್ ಸ್ಟ್ಯಾಂಪ್, ಜೂಲಿ ಕ್ರಿಸ್ಟಿ ಎಂಬ ವದಂತಿ ದಶಕಗಳ ಕಾಲ ಓಡಿತು. ರೇ ಹೇಳಿದ್ದೇ ಬೇರೆ: ಅದು ತನ್ನ ಅಕ್ಕ ಗೆಳೆಯನೊಡನೆ ಹೊಸ ನಾಡಿಗೆ ಹೊರಟುಹೋಗುವ ಕಲ್ಪನೆ. ರೋಸಿಯ ಮಗನ ಹೆಸರೂ ಟೆರಿಯೇ. ಗಂಡನ ಮನೆ ಸೇರಿದ ಹೆಣ್ಣು ತವರನ್ನು ನೆನೆದು ಹಾಡುವುದು ನಮ್ಮ ಜನಪದದ ರೂಢಿ. ಫೋರ್ಟಿಸ್ ಗ್ರೀನ್‌ನಲ್ಲಿ ಅದು ತಿರುವುಮುರುವು: ಇಲ್ಲಿ ತವರೇ ಹೋದವಳನ್ನು ನೆನೆದು ಹಾಡುತ್ತದೆ.

ಹಾಗಾದರೆ ನಿಷೇಧದ ಪಾತ್ರವೇ ಇಲ್ಲವೇ ಎಂದು ಕೇಳಬಹುದು. ಇದೆ. ಅಮೆರಿಕದ ಊರೂರು ಸುತ್ತುವ ತಿರುಗಾಟ ತಪ್ಪಿದ್ದರಿಂದ ರೇಗೆ ಮನೆಯಲ್ಲಿ ಕೂತು ಬರೆಯಲು ಬಿಡುವು ಸಿಕ್ಕಿತು. ಆದರೆ ಬಿಡುವು ಸರಕಲ್ಲ. ‘ಸೀ ಮೈ ಫ್ರೆಂಡ್ಸ್’ ಮುದ್ರಣವಾದದ್ದು ಆ ಅಮೆರಿಕ ಪ್ರವಾಸಕ್ಕೂ ಮೊದಲು. ನಿಷೇಧ ಬರುವ ಮುನ್ನವೇ ಅವನ ಮುಖ ಮನೆಯತ್ತ ತಿರುಗಿತ್ತು. ಇಂಗ್ಲೆಂಡಿನ ಬೀದಿಗಳನ್ನು ಹಾಡಲು ನಿಷೇಧ ಬೇಕೇ ಬೇಕು ಎನ್ನುವುದಾದರೆ, ಅಮೆರಿಕದಲ್ಲಿ ಪಟ್ಟಕ್ಕೇರಿದ್ದ ಬೀಟಲ್ಸ್ 1967ರಲ್ಲಿ ‘ಪೆನ್ನಿ ಲೇನ್’ ಮಾಡಿದ್ದು ಹೇಗೆ? ನನ್ನ ವಾದಕ್ಕೆ ಬಗ್ಗದ ಕೃತಿಯೂ ಒಂದಿದೆ: 1968ರ ‘ವಿಲೇಜ್ ಗ್ರೀನ್’ ಆಲ್ಬಂ. ಅಲ್ಲಿ ಅಕ್ಕಂದಿರಿಲ್ಲ, ಒಂದು ಕಲ್ಪಿತ ಹಳ್ಳಿಯಿದೆ. ಬೀಟಲ್ಸ್‌ನ ಬಿಳಿ ರಟ್ಟಿನ ಜೋಡಿ ಆಲ್ಬಂ ಬಂದ ನವೆಂಬರ್ 22ರಂದೇ ಬಂದು, ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಎಲ್ಲೂ ಕಾಣಿಸದೆ ಹೋಯಿತು. ಈಗ ವಿಮರ್ಶಕರು ಅದನ್ನೇ ಇವರ ಶಿಖರ ಎನ್ನುತ್ತಾರೆ. ನಿಷೇಧದ ವಾದಕ್ಕೆ ಬೇಕಿದ್ದರೆ ಅದನ್ನು ಬಿಟ್ಟುಕೊಡಬಹುದು.

ತಮ್ಮನ ಪಾಲನ್ನು ಇದು ಅಳಿಸಿಹಾಕುವುದಿಲ್ಲವೇ ಎನ್ನುವುದು ಇನ್ನೂ ಗಟ್ಟಿ ಆಕ್ಷೇಪ. ಸೀಳಿದ ಸ್ಪೀಕರಿಲ್ಲದಿದ್ದರೆ ರೇ ಹಾಡುಗಳನ್ನು ಕೇಳುವವರೇ ಇರುತ್ತಿರಲಿಲ್ಲ ಎನ್ನುವುದು ನಿಜ. ಸದ್ದು ಡೇವ್‌ನದು, ಸಂಶಯವಿಲ್ಲ. ಕಲಹದ ವಿಚಾರದಲ್ಲಿ ಮಾತ್ರ ಕೊಂಚ ಎಚ್ಚರ ಬೇಕು. ಈ ಬ್ಯಾಂಡಿನ ಅತಿ ಪ್ರಸಿದ್ಧ ರಕ್ತಪಾತ, 1965ರ ಮೇ ತಿಂಗಳಲ್ಲಿ ಕಾರ್ಡಿಫ್‌ನ ವೇದಿಕೆಯ ಮೇಲೆ ಡೇವ್ ತಲೆಗೆ ಹದಿನಾರು ಹೊಲಿಗೆ ಬಿದ್ದ ಪ್ರಸಂಗ, ಅಣ್ಣನ ಕೆಲಸವಲ್ಲ, ಡ್ರಮ್ ನುಡಿಸುತ್ತಿದ್ದ ಮಿಕ್ ಏವರಿಯದು. ಅಣ್ಣತಮ್ಮಂದಿರ ನಡುವೆ ಇದ್ದದ್ದು ಸುಲಭಕ್ಕೆ ಕಾಣದ ಹೊಟ್ಟೆಯುರಿ. ಎಳೆ ವಯಸ್ಸಿಗೇ ಮದುವೆ, ಮಗು ಎಂದು ಕಟ್ಟುಬಿದ್ದ ಅಣ್ಣ. ಮೋಜಿನಲ್ಲಿ ತೇಲುತ್ತಿದ್ದ ತಮ್ಮ. ಇದನ್ನು ರೇ 1967ರಲ್ಲಿ ಹಾಡಾಗಿಸಿದಾಗ ಇಟ್ಟ ಹೆಸರು ‘ಟೂ ಸಿಸ್ಟರ್ಸ್’. ಒಬ್ಬಳು ಮನೆವಾರ್ತೆಯಲ್ಲಿ ಸವೆಯುವವಳು, ಇನ್ನೊಬ್ಬಳು ಬೆಡಗಿನ ಸ್ವತಂತ್ರೆ. ಅದು ತನ್ನ ಮತ್ತು ಡೇವ್‌ನ ಕಥೆ ಎಂದು ಅವನೇ ಹೇಳಿಕೊಂಡಿದ್ದಾನೆ. ತಮ್ಮನ ಮೇಲಿನ ಅಸೂಯೆಯನ್ನು ಹೇಳಲು ಕೂಡ ಅವನಿಗೆ ಅಕ್ಕತಂಗಿಯರ ವೇಷ ಬೇಕಾಯಿತು!

ಎಪ್ಪತ್ತರ ದಶಕದ ಕೊನೆಗೆ ಇದೆಲ್ಲ ಮರೆತಂತೆ ಕಂಡಿತು. ಅಮೆರಿಕದ ದೊಡ್ಡ ಕ್ರೀಡಾಂಗಣಗಳಿಗೆ ಒಗ್ಗುವ ಅಬ್ಬರದ ರಾಕ್‌ಗೆ ತಂಡ ಹೊರಳಿತು. 1979ರ ‘ಲೋ ಬಜೆಟ್’ ಅಲ್ಲಿ ಹನ್ನೊಂದನೆಯ ಸ್ಥಾನದವರೆಗೂ ಹೋಯಿತು. ಆಗ ರೇ ಮತ್ತೆ ರೆನೆಯನ್ನು ಕರೆದು ತಂದ. ‘ಕಮ್ ಡ್ಯಾನ್ಸಿಂಗ್’ ಅವಳ ನೆನಪಿನದು. ಅಕ್ಕ ಕುಣಿಯಲು ಹೋಗುತ್ತಿದ್ದ ಹಾಲನ್ನು ಕೆಡವಿಹಾಕಿದ ಊರಿನದು. ಇಷ್ಟು ಇಂಗ್ಲಿಷ್ ವಾಸನೆಯ ಹಾಡು ಅಮೆರಿಕದಲ್ಲಿ ಯಾರಿಗೆ ಬೇಕು ಎಂದು ರೆಕಾರ್ಡ್ ಕಂಪನಿಯ ಮುಖ್ಯಸ್ಥ ಕ್ಲೈವ್ ಡೇವಿಸ್ ಹಿಂದೇಟು ಹಾಕಿದ. 1983ರಲ್ಲಿ ಅದು ಅಲ್ಲಿ ಆರನೆಯ ಸ್ಥಾನಕ್ಕೇರಿತು. ಅದಕ್ಕಿಂತ ಮೇಲೆ ಇವರ ಯಾವ ಹಾಡೂ ಅಮೆರಿಕದಲ್ಲಿ ಹೋದದ್ದಿಲ್ಲ. ನಿಷೇಧ ತೆರವಾಗಿ ಆಗಲೇ ಹದಿನಾಲ್ಕು ವರ್ಷ ಕಳೆದಿತ್ತು.

ಬ್ಯಾಂಡಿನ ಕೊನೆಯ ಸಾರ್ವಜನಿಕ ಕಛೇರಿ 1996ರಲ್ಲಿ ನಡೆಯಿತು. ಅದಾದ ಮೇಲೆ ಡೇವ್‌ಗೆ ಐವತ್ತು ತುಂಬಿದಾಗ ಎಲ್ಲರೂ ಒಮ್ಮೆ ಕೂಡಿದರು. ಕೂಟಕ್ಕೆ ಗೊತ್ತುಮಾಡಿದ್ದ ಜಾಗ ಫೋರ್ಟಿಸ್ ಗ್ರೀನ್‌ನ ಕ್ಲಿಸೋಲ್ಡ್ ಆರ್ಮ್ಸ್ ಪಬ್. ರಸ್ತೆ ದಾಟಿದರೆ ಎದುರಿಗೇ ಆ ಮನೆ.