ಅಜ್ಜಿಕತೆಯ ಭೂತಗಳನ್ನು ಜಗತ್ತಿಗೆ ಪರಿಚಯಿಸಿದ ವೀಡಿಯೋ ಗೇಮ್

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತು ಆಡುವ ವೀಡಿಯೋ ಗೇಮ್ ಎಂದರೆ ಬರೀ ಕಾಲಹರಣ, ಹೊಡೆದಾಟ ಎಂಬ ಭಾವನೆ ಹಿರಿಯರಲ್ಲಿದೆ. ಆದರೆ ತನ್ನ ಭಾಷೆ, ಜಾನಪದಗಳನ್ನು ಬಿಟ್ಟುಕೊಡದೆ ಜಗತ್ತನ್ನು ಗೆದ್ದ ಆಟವೊಂದಿದೆ. ಅದುವೇ ಪೋಲೆಂಡ್ ದೇಶದ ‘ದಿ ವಿಚರ್’. ಹೊರನಾಡಿನಲ್ಲಿ ಕನ್ನಡದ ಉಳಿವಿಗಾಗಿ ದುಡಿಯುತ್ತಿರುವ ಸಂಘ-ಸಂಸ್ಥೆಗಳು ಇದರ ಹಿನ್ನೆಲೆಯನ್ನು ತಿಳಿಯುವುದು ಒಳಿತು.

ಲೇಖಕ ಆಂಜೆ ಸಪ್ಕೋವ್ಸ್ಕಿ ಅವರು ಪತ್ರಿಕೆಯೊಂದರ ಸ್ಪರ್ಧೆಗಾಗಿ ಬರೆದು, 1986ರಲ್ಲಿ ಪ್ರಕಟವಾದ ಪೋಲಿಷ್ ಸಣ್ಣಕತೆಯೇ ಇದರ ಮೂಲ. ಕೂಲಿ ಪಡೆದು ಪಿಶಾಚಿಗಳನ್ನು ಕೊಲ್ಲುವ ಗೆರಾಲ್ಟ್ ಇದರ ನಾಯಕ.

ಆಟವನ್ನು ರೂಪಿಸಿದ ‘ಸಿಡಿ ಪ್ರಾಜೆಕ್ಟ್’ ಸಂಸ್ಥೆ 1994ರಲ್ಲಿ ವಾರ್ಸಾದಲ್ಲಿ ಆರಂಭಗೊಂಡಾಗ ವಿದೇಶಿ ಆಟಗಳನ್ನು ತರಿಸಿ ಮಾರುತ್ತಿತ್ತು. ನಕಲಿ ಸಿಡಿಗಳ ಹಾವಳಿ ವಿಪರೀತವಾಗಿದ್ದ ಕಾಲವದು. 1999ರಲ್ಲಿ ಸಂಸ್ಥೆಯು ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಪೋಲಿಷ್ ಭಾಷೆಗೆ ತಂದು, ಹೆಸರಾಂತ ನಟರಿಂದ ಧ್ವನಿ ಕೊಡಿಸಿತು. ತಾಯ್ನುಡಿಯಲ್ಲಿ ದೊರೆತ ಆಟವನ್ನು ಜನ ಹಣ ಕೊಟ್ಟೇ ಕೊಂಡರು. ಮುಂದೆ ಸ್ವಂತ ಆಟಕ್ಕೆ ಕೈಹಾಕಿದ ಸಂಸ್ಥೆ 2007ರಲ್ಲಿ ಮೊದಲ ‘ವಿಚರ್’, 2011ರಲ್ಲಿ ಎರಡನೆಯದು, 2015ರಲ್ಲಿ ಮೂರನೆಯದನ್ನು ಹೊರತಂದಿತು. 2023ರ ವೇಳೆಗೆ ಮೂರನೆಯ ಆಟದ 5 ಕೋಟಿ ಪ್ರತಿಗಳು ಮಾರಾಟವಾಗಿದ್ದವು. 2011ರಲ್ಲಿ ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟುಸ್ಕ್ ಅವರು ಅಮೆರಿಕದ ಅಧ್ಯಕ್ಷ ಒಬಾಮಾ ಅವರಿಗೆ ಎರಡನೆಯ ಆಟವನ್ನು ಉಡುಗೊರೆಯಾಗಿ ನೀಡಿದ್ದು ಉಲ್ಲೇಖನೀಯ.

ಇಲ್ಲಿ ರಾಜಕುಮಾರಿಯರ ಅಂತಃಪುರಕ್ಕಿಂತ ಯುದ್ಧದಿಂದ ಬೆಂದ ಹಳ್ಳಿಗಳೇ ಹೆಚ್ಚು. ಕೆಸರು, ಹಸಿವು, ಮರಕ್ಕೆ ನೇತುಹಾಕಿದ ಹೆಣಗಳ ನಡುವೆ ಆಟಗಾರ ಕುದುರೆಯೇರಿ ಸಾಗುತ್ತಾನೆ. ಕೂಲಿಗಾಗಿ ಹಳ್ಳಿಗರೊಡನೆ ಚೌಕಾಸಿ ಮಾಡುತ್ತಾನೆ. ಪಿಶಾಚಿಗಳಿಗೆ ಬೆಳ್ಳಿಯ ಕತ್ತಿ, ಮನುಷ್ಯರಿಗೆ ಉಕ್ಕಿನದು. ಮಟಮಟ ಮಧ್ಯಾಹ್ನ ಹೊಲದಲ್ಲಿ ಅಲೆಯುವ ಹೆಣ್ಣುಪ್ರೇತ ನೇರವಾಗಿ ಅಲ್ಲಿನ ಜಾನಪದದಿಂದ ಬಂದಿದೆ. ಆ ಹೊತ್ತಿನಲ್ಲಿ ಹೊರಗೆ ಹೋಗಬೇಡವೆಂದು ಊರಿನ ಅಜ್ಜಿಯಂದಿರು ಗದರುತ್ತಿದ್ದುದು ಇಲ್ಲಿನ ಓದುಗರಿಗೂ ನೆನಪಾದೀತು.

ಮೂರನೆಯ ಆಟದ ಒಂದು ಪ್ರಸಂಗವಂತೂ ಮನಕಲಕುವಂತಹದು. ಕುಡುಕ ಗಂಡನ ಹೊಡೆತದ ನಂತರ ಗರ್ಭದಲ್ಲೇ ಸತ್ತ ಮಗು ಸಂಸ್ಕಾರವಿಲ್ಲದೆ ಪಿಶಾಚಿಯಾಗಿದೆ. ಅದನ್ನು ಕತ್ತಿಯಿಂದ ಕೊಲ್ಲಬಹುದು. ಇಲ್ಲವೇ ಆ ತಂದೆಯಿಂದಲೇ ಮಗುವನ್ನು ಎತ್ತಿಸಿ, ಹೆಸರಿಡಿಸಿ, ಹೊಸ್ತಿಲ ಬಳಿ ಹೂಳಿಸಿದರೆ ಅದು ಮನೆ ಕಾಯುವ ಆತ್ಮವಾಗುತ್ತದೆ. ನಿರ್ಧಾರ ಆಟಗಾರನದೇ. ಇಂತಹ ಹಲವು ಆಯ್ಕೆಗಳ ಫಲ ಗಂಟೆಗಟ್ಟಲೆ ಆಟದ ಬಳಿಕವಷ್ಟೇ ತಿಳಿಯುವುದು ಇದರ ವೈಶಿಷ್ಟ್ಯ. ಸತ್ತ ಹಿರಿಯರನ್ನು ನೆನೆಯುವ ಪೋಲೆಂಡಿನ ‘ಜಾದಿ’ ಆಚರಣೆಯೂ ಆಟದಲ್ಲಿದೆ. ಮಹಾಲಯ ಅಮಾವಾಸ್ಯೆ ಆಚರಿಸುವ ಮನೆಯವರಿಗೆ ಇದು ತೀರಾ ಅಪರಿಚಿತವೆನಿಸದು.

ರಕ್ತಪಾತ ಮತ್ತು ಅಶ್ಲೀಲ ದೃಶ್ಯಗಳಿರುವುದರಿಂದ ಯುರೋಪಿನಲ್ಲಿ ಈ ಆಟಕ್ಕೆ 18 ವರ್ಷದ ಮಿತಿಯಿದೆ. ಚಿಕ್ಕ ಮಕ್ಕಳ ಕೈಗೆ ಕೊಡುವಂತಹದ್ದಲ್ಲ ಎಂಬುದನ್ನು ಪಾಲಕರು ಮರೆಯಬಾರದು.

ಪೋಲೆಂಡಿನ ಜನಸಂಖ್ಯೆ 4 ಕೋಟಿಗಿಂತ ಕಡಿಮೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಭಾಷಿಕರ ಸಂಖ್ಯೆಯಲ್ಲಾಗಲೀ, ಕತೆಗಳಲ್ಲಾಗಲೀ ಕನ್ನಡ ಹಿಂದಿಲ್ಲ. ಯಕ್ಷಗಾನ, ಭೂತಾರಾಧನೆ, ಹಳ್ಳಿಯ ಮಾರಿಯ ಕತೆಗಳನ್ನು ಕೇಳಿದ ಹಿರಿಯರು ಮುಂಬಯಿ, ಪುಣೆಯ ಮನೆಗಳಲ್ಲಿದ್ದಾರೆ. ಕಂಪ್ಯೂಟರ್ ಬಲ್ಲ ಮೊಮ್ಮಕ್ಕಳೂ ಅದೇ ಮನೆಗಳಲ್ಲಿದ್ದಾರೆ. ಇವರಿಬ್ಬರನ್ನು ಒಟ್ಟಿಗೆ ಕೂರಿಸುವ ಕೆಲಸವನ್ನು ಸಂಘಗಳು ಕೈಗೆತ್ತಿಕೊಂಡರೆ ಆ ಕತೆಗಳು ಹಿರಿಯರೊಂದಿಗೇ ಮುಗಿದುಹೋಗಲಾರವು.