ಮೆಚ್ಚುಗೆಯೂ ಮಾರಾಟಕ್ಕಿದೆ... ಕೊಳ್ಳುವ ಮುನ್ನ ಲೆಕ್ಕ ಹಾಕಿ!

‘ಅಕ್ಕಾ, ನಿನ್ನೆ ಹಾಕಿದ ತಂಬುಳಿ ಬರಹಕ್ಕೆ ಬರೀ ನಾಲ್ಕೇ ವೋಟು. ಅದೇ ಇನ್ಯಾರೋ ಒಂದು ದಾಸವಾಳದ ಫೋಟೊ ಹಾಕಿದ್ದಕ್ಕೆ ಇನ್ನೂರು! ಎರಡು ಸಾವಿರ ಕೊಟ್ರೆ ನನ್ನ ಬರಹಕ್ಕೂ ಬಾಟ್ ವೋಟು ಹಾಕುತ್ತಂತೆ. ಕೊಡ್ಲಾ?’

ಓರಗಿತ್ತಿ ಹೀಗೆ ಫೋನ್ ಮಾಡಿದಾಗ ನಾನು ದೋಸೆ ಹುಯ್ಯುತ್ತಿದ್ದೆ. ಅವಳ ಮಾತು ಕೇಳುತ್ತಾ ಒಂದು ದೋಸೆ ಸೀದೇ ಹೋಯಿತು. ಎರಡು ಸಾವಿರ ಎಂದರೆ ಅವಳ ಸಾಸಿವೆ ಡಬ್ಬದ ದುಡ್ಡು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ಹಳೇ ಪೇಪರ್ ಮಾರಿ ಕೂಡಿಟ್ಟದ್ದು. ‘ಒಂದು ದಿನ ತಡೆ ಮಾರಾಯ್ತಿ, ನೋಡಿ ಹೇಳ್ತೀನಿ’ ಎಂದು ಫೋನಿಟ್ಟೆ.

ಬರೆದದ್ದಕ್ಕೆ, ಫೋಟೊ ಹಾಕಿದ್ದಕ್ಕೆ, ಕೊನೆಗೆ ಬೇರೆಯವರದ್ದನ್ನು ಮೆಚ್ಚಿದ್ದಕ್ಕೂ ದುಡ್ಡು ಕೊಡುತ್ತೇವೆ ಎನ್ನುವ ಜಾಲತಾಣಗಳು ಈಗ ಬೇಕಾದಷ್ಟಿವೆ. ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸಬೇಕು ಅನ್ನೋ ಆಸೆ ಯಾರಿಗಿಲ್ಲ ಹೇಳಿ? ಆಸೆ ತಪ್ಪಲ್ಲ. ಆದರೆ ಸಂಪಾದಿಸಲು ಹೋದವರು ಯಾವ ಗಳಿಗೆಯಲ್ಲಿ ಗಿರಾಕಿಗಳಾಗಿಬಿಡುತ್ತಾರೆ ಎಂಬುದೇ ತಿಳಿಯುವುದಿಲ್ಲ. ಇಂಥ ತಾಣಗಳಿಗೆಲ್ಲ ಹಿರಿಯಕ್ಕನಂತಿರುವ ಸ್ಟೀಮಿಟ್‌ನ ಕಥೆ ಕೇಳಿದರೆ ಇದು ಅರ್ಥವಾಗುತ್ತದೆ.

ಪಾತ್ರೆ ಒಂದೇ, ಸೌಟು ಬೇರೆ ಬೇರೆ

2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಅಮೆರಿಕದಲ್ಲಿ ಸ್ಟೀಮಿಟ್ ಆರಂಭಿಸಿದರು. ಇಲ್ಲಿ ಬರಹ ಹಾಕಿದರೆ ಓದಿದವರು ವೋಟು ಹಾಕುತ್ತಾರೆ. ಆ ವೋಟಿಗೆ ತಕ್ಕಂತೆ ಬರೆದವರಿಗೆ ‘ಸ್ಟೀಮ್’ ಎಂಬ ಡಿಜಿಟಲ್ ನಾಣ್ಯದ ಲೆಕ್ಕದಲ್ಲಿ ಬಹುಮಾನ. ವೋಟು ಹಾಕಿದವರಿಗೂ ಅದರಲ್ಲಿ ಪಾಲು!

ಆದರೆ ಎಲ್ಲರ ವೋಟಿಗೂ ಒಂದೇ ಬೆಲೆಯಿಲ್ಲ. ಖಾತೆಯಲ್ಲಿ ‘ಸ್ಟೀಮ್ ಪವರ್’ ಎಷ್ಟು ಇಟ್ಟಿದ್ದೀರೋ ವೋಟಿಗೆ ಅಷ್ಟು ತೂಕ. ಹೆಚ್ಚು ಇಟ್ಟವರನ್ನು ಅಲ್ಲಿ ತಿಮಿಂಗಿಲ ಎನ್ನುತ್ತಾರೆ, ಕಡಿಮೆಯಿದ್ದವರು ಸಣ್ಣ ಮೀನುಗಳು. ತಿಮಿಂಗಿಲದ ಒಂದು ವೋಟಿಗೆ ಹತ್ತಾರು ಡಾಲರ್ ಬಂದರೆ, ಹೊಸಬರ ವೋಟಿಗೆ ಒಂದು ಪೈಸೆಯೂ ಇಲ್ಲದಿರಬಹುದು.

ದೇವಸ್ಥಾನದ ಊಟದ ಪಂಕ್ತಿ ನೆನಪಿಸಿಕೊಳ್ಳಿ. ದಿನವೂ ಹಂಚಲು ಇರುವುದು ಒಂದೇ ಪಾತ್ರೆ ಪಾಯಸ. ಒಬ್ಬರ ಎಲೆಗೆ ನಾಲ್ಕು ಸೌಟು ಬಿದ್ದರೆ ಪಂಕ್ತಿಯ ಕೊನೆಯಲ್ಲಿ ಕುಳಿತವರಿಗೆ ಅಷ್ಟು ಕಡಿಮೆ. ಇಲ್ಲೂ ಹಾಗೇ. ಬಹುಮಾನ ಆಕಾಶದಿಂದ ಬೀಳುವುದಿಲ್ಲ, ಒಂದೇ ಸಾಮಾನ್ಯ ನಿಧಿಯಿಂದ ಹಂಚಿಕೆಯಾಗುತ್ತದೆ.

ಓದದೇ ಮೆಚ್ಚುವ ಯಂತ್ರ

ಇಷ್ಟಾದ ಮೇಲೆ ಬಾಟ್‌ಗಳು ಬಾರದೇ ಇರುತ್ತವೆಯೇ? ಬಾಟ್ ಎಂದರೆ ಭೂತವೇನಲ್ಲ. ಮನುಷ್ಯರ ಬದಲು ತಾನೇ ವೋಟು ಹಾಕುವ ಒಂದು ಪುಟ್ಟ ಪ್ರೋಗ್ರಾಮ್, ಅಷ್ಟೇ. ಅದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು, ನಿಮ್ಮ ಪರವಾಗಿ ವೋಟು ಹಾಕುವ ಬಾಟ್. ‘ಇಂಥವರು ಬರೆದರೆ ನನ್ನ ವೋಟು ಹಾಕು’ ಅಥವಾ ‘ಅವರು ಎಲ್ಲಿ ಹಾಕುತ್ತಾರೋ ನನ್ನದೂ ಅಲ್ಲಿಗೇ’ ಎಂದು ಹೇಳಿಟ್ಟರೆ ಸಾಕು. ತವರಿಗೆ ಹೊರಡುವಾಗ ಹಾಲಿನವನಿಗೆ ಹೇಳಿ ಹೋದ ಹಾಗೆ! ಇದು ಕಳ್ಳತನವೇನಲ್ಲ. ಆದರೆ ಬರಹ ಪ್ರಕಟವಾಗಿ ಎಷ್ಟು ನಿಮಿಷಕ್ಕೆ ವೋಟು ಹಾಕಿದರೆ ಹೆಚ್ಚು ಪಾಲು ಸಿಗುತ್ತದೆ ಎಂದು ಗಡಿಯಾರ ನೋಡಿ ಹಾಕುವ ವೋಟು ಅದು. ಓದುವ ಪ್ರಶ್ನೆಯೇ ಇಲ್ಲ.

ಎರಡನೆಯದೇ ನನ್ನ ಓರಗಿತ್ತಿ ಕೇಳಿದ್ದು, ವೋಟು ಮಾರುವ ಬಾಟ್. ಬಾಟ್‌ನ ಖಾತೆಗೆ ಹಣ ಕಳಿಸಿ, ಜೊತೆಗೆ ನಿಮ್ಮ ಬರಹದ ವಿಳಾಸ ಕೊಟ್ಟರಾಯಿತು. ಸ್ಟೀಮಿಟ್‌ನಲ್ಲಿ 2017ರ ನಿಯಮ ಬದಲಾವಣೆಯ ನಂತರ ಒಬ್ಬರಿಗೆ ದಿನಕ್ಕೆ ಸುಮಾರು ಹತ್ತು ಪೂರ್ಣ ಶಕ್ತಿಯ ವೋಟು. ಹಾಗಾಗಿ ಬಾಟ್ ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೊಂದು ಸುತ್ತು ಮಾಡಿ, ಆ ಸುತ್ತಿನಲ್ಲಿ ಹಣ ಹಾಕಿದವರಿಗೆಲ್ಲ ತನ್ನ ಒಂದು ವೋಟನ್ನು ಪಾಲು ಮಾಡಿ ಕೊಡುತ್ತಿತ್ತು. ಥೇಟ್ ಹರಾಜು! ಅಷ್ಟು ದೊಡ್ಡ ವೋಟು ಅದಕ್ಕೆಲ್ಲಿಂದ ಬಂತು ಅಂತೀರಾ? ಸ್ಟೀಮ್ ಪವರ್ ಇದ್ದವರು ಬಾಡಿಗೆಗೆ ಕೊಟ್ಟು, ದಿನದಿನದ ಲಾಭದಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದರು.

ಹಾಲು ಮಾರಿದ ಲೆಕ್ಕ

ಈಗ ಬನ್ನಿ, ಕ್ಯಾಲೆಂಡರಿನ ಹಿಂದೆ ಬರೆಯುವ ಹಾಗೆ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ.

ಬಾಟ್‌ನ ಒಂದು ಪೂರ್ಣ ವೋಟಿನ ಬೆಲೆ 100 ಡಾಲರ್ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಎಲ್ಲರೂ ಸೇರಿ ಹಾಕಿದ ಹಣ 80 ಡಾಲರ್. ಅದರಲ್ಲಿ ನಿಮ್ಮದು 8, ಅಂದರೆ ಹತ್ತರಲ್ಲೊಂದು ಪಾಲು. ನಿಮ್ಮ ಬರಹಕ್ಕೆ 10 ಡಾಲರಿನ ವೋಟು ಬಿತ್ತು. ಆಹಾ, ಎರಡು ಡಾಲರ್ ಲಾಭ!

ತಡೆಯಿರಿ. ಆಗಿನ ನಿಯಮದಂತೆ ಬಹುಮಾನದಲ್ಲಿ ಶೇ 25 ವೋಟು ಹಾಕಿದವರದ್ದು. ನಿಮಗೆ ಉಳಿದದ್ದು ಏಳೂವರೆ ಡಾಲರ್. ಕೊಟ್ಟಿದ್ದು ಎಂಟು, ಬಂದದ್ದು ಏಳೂವರೆ!

ಸುತ್ತು ಮುಗಿಯುವ ಕೊನೇ ಗಳಿಗೆಯಲ್ಲಿ ಯಾರೋ ಇನ್ನೂ 20 ಡಾಲರ್ ಸುರಿದರೆನ್ನಿ. ಒಟ್ಟು 100 ಆಯಿತು, ನಿಮ್ಮ ವೋಟು 8 ಡಾಲರಿಗೆ ಇಳಿಯಿತು, ಕೈಗೆ ಬಂದದ್ದು ಬರೀ ಆರು. ಒಟ್ಟು ಹಣ 50 ಡಾಲರಿನಲ್ಲೇ ನಿಂತಿದ್ದರೆ ನಿಮಗೆ 12 ಸಿಗುತ್ತಿತ್ತು, ನಿಜ. ಆದರೆ ಅಗ್ಗದ ಸುತ್ತು ಕಂಡರೆ ಉಳಿದವರು ಸುಮ್ಮನಿರುತ್ತಾರೆಯೇ? ಸೀರೆ ಡಿಸ್ಕೌಂಟ್ ಬೋರ್ಡ್ ಕಂಡ ಹಾಗೆ ನುಗ್ಗುತ್ತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ಕೊಡುವ ಹಣ ಇವತ್ತೇ ಕೊಡಬೇಕು. ಬಹುಮಾನ ಬರುವುದು ಏಳು ದಿನದ ಮೇಲೆ. ಅದರಲ್ಲೂ ಸಾಮಾನ್ಯವಾಗಿ ಅರ್ಧ ಭಾಗ ಸ್ಟೀಮ್ ಪವರ್ ರೂಪದಲ್ಲಿ. ಅದನ್ನು ಬಿಡಿಸಿಕೊಳ್ಳಲು ಆಗ 13 ವಾರದ ಕಂತಿತ್ತು! ಅಷ್ಟರಲ್ಲಿ ನಾಣ್ಯದ ಬೆಲೆ ಬಿದ್ದರೆ? ಬಿದ್ದೇ ಬಿತ್ತು. 2018ರ ಜನವರಿ ಆರಂಭದಲ್ಲಿ 8 ಡಾಲರ್ ಹತ್ತಿರವಿದ್ದ ಸ್ಟೀಮ್, ಆ ವರ್ಷದ ಕೊನೆಗೆ ಅರ್ಧ ಡಾಲರಿಗಿಂತಲೂ ಕೆಳಗಿತ್ತು. ಅದೇ ನವೆಂಬರ್‌ನಲ್ಲಿ ಸಂಸ್ಥೆ ತನ್ನ ಸಿಬ್ಬಂದಿಯಲ್ಲಿ ಶೇ 70ಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು.

ಕಳೆದುಹೋದದ್ದು ದುಡ್ಡಷ್ಟೇ ಅಲ್ಲ

ದುಡ್ಡಿನ ಮಾತು ಒತ್ತಟ್ಟಿಗಿರಲಿ. ಹಣ ಹಾಕಿದವರ ಬರಹಗಳೇ ಮೇಲೆ ಬಂದು ಕೂತವು. ಎರಡು ಸಾಲಿನ ಬರಹ, ಎಲ್ಲಿಂದಲೋ ಎತ್ತಿದ ಫೋಟೊಕ್ಕೂ ರಾಶಿ ರಾಶಿ ವೋಟು. ರಾತ್ರಿ ಮಕ್ಕಳನ್ನು ಮಲಗಿಸಿ, ಮನಸ್ಸಿಟ್ಟು ಬರೆದವರ ಬರಹ ಕೆಳಗೆಲ್ಲೋ ಮುಳುಗಿತು. ಇನ್ನೂರು ವೋಟಿದ್ದರೂ ಒಂದೇ ಒಂದು ಒಳ್ಳೆಯ ಮಾತು ಬರೆದವರಿಲ್ಲ! ಓದಿದ್ದರೆ ತಾನೇ ಬರೆಯುವುದು?

ಬಾಟ್‌ಗಳೆಲ್ಲ ಕೆಟ್ಟವು ಅಂತಲೂ ಅಲ್ಲ. ‘ಚೀಟಾ’ ಎಂಬ ಬಾಟ್ ಬೇರೆಡೆ ಇರುವ ಬರಹವನ್ನೇ ಹೋಲುವಂಥವನ್ನು ಹುಡುಕಿ ತೋರಿಸುತ್ತಿತ್ತು. ಚಾಕು ಹಣ್ಣು ಕತ್ತರಿಸುವುದಕ್ಕೂ ಆಗುತ್ತದೆ, ಕೈ ಕತ್ತರಿಸುವುದಕ್ಕೂ ಆಗುತ್ತದೆ, ಅಲ್ವಾ?

ಕೊನೆಗೆ 2019ರ ಆಗಸ್ಟ್‌ನಲ್ಲಿ ನಿಯಮ ಬದಲಾಯಿತು. ವೋಟು ಹಾಕಿದವರ ಪಾಲು ಶೇ 50ಕ್ಕೆ ಏರಿತು. ತಮ್ಮ ವೋಟಿನ ಶಕ್ತಿ ಕಳೆದುಕೊಳ್ಳದೆ ಒಂದಿಷ್ಟು ವಿರುದ್ಧ ವೋಟು ಹಾಕುವ ಅವಕಾಶವೂ ಸಿಕ್ಕಿತು. ಕೊಂಡ ವೋಟಿನ ಬಹುಮಾನವನ್ನು ಬೇರೆಯವರು ಹಾಗೇ ಇಳಿಸತೊಡಗಿದರು. ಹಲವು ಬಾಟ್‌ಗಳು ಅಂಗಡಿ ಮುಚ್ಚಿದವು. 2020ರಲ್ಲಿ ಸಂಸ್ಥೆ ಟ್ರಾನ್‌ನ ಜಸ್ಟಿನ್ ಸನ್ ಕೈ ಸೇರಿತು. ಒಪ್ಪದವರು ಅದೇ ಮಾರ್ಚ್‌ನಲ್ಲಿ ‘ಹೈವ್’ ಎಂಬ ಬೇರೆ ಮನೆ ಕಟ್ಟಿಕೊಂಡರು.

ಇವು ನೆನಪಿರಲಿ

* ಬರೆಯುವುದಕ್ಕೆ ನಿಮಗೆ ದುಡ್ಡು ಬರಬೇಕು. ನೀವೇ ದುಡ್ಡು ಕೊಡುವ ಪ್ರಸಂಗ ಬಂತೆಂದರೆ ಅಲ್ಲಿ ನೀವು ಲೇಖಕಿಯಲ್ಲ, ಗಿರಾಕಿ.

* ಲಾಭದ ಲೆಕ್ಕ ಹಾಕುವಾಗ ಬೇರೆಯವರ ಪಾಲು, ಕಾಯುವ ದಿನ, ಬೆಲೆ ಇಳಿಯುವ ಸಾಧ್ಯತೆ ಮೂರನ್ನೂ ಕಳೆಯಿರಿ.

* ಸ್ಟೀಮ್‌ನಂಥ ವ್ಯವಸ್ಥೆಯಲ್ಲಿ ಒಂದೇ ಖಾತೆಗೆ ಹಲವು ಕೀಲಿಗಳಿರುತ್ತವೆ. ಬರಹ ಮತ್ತು ವೋಟಿಗೆ ‘ಪೋಸ್ಟಿಂಗ್’ ಕೀಲಿ, ಹಣ ಸಾಗಿಸಲು ‘ಆ್ಯಕ್ಟಿವ್’ ಕೀಲಿ, ಎಲ್ಲಕ್ಕೂ ಮೇಲೆ ‘ಓನರ್’ ಕೀಲಿ. ವೋಟು ಹಾಕುವ ಬಾಟ್‌ಗೆ ಹಣದ ಕೀಲಿ ಬೇಕೇ ಇಲ್ಲ. ಕೇಳಿದರೆ ಅಲ್ಲಿಂದ ಎದ್ದುಬಿಡಿ. ಬೀರುವಿನ ಕೀಲಿಯನ್ನು ದಾರಿಹೋಕರಿಗೆ ಕೊಡುತ್ತೀರಾ?

* ಎಲ್ಲ ಕೀಲಿಗಳನ್ನೂ ಕಳೆದುಕೊಂಡರೆ ಬ್ಯಾಂಕಿನಂತೆ ಮತ್ತೆ ಕೊಡುವವರಿಲ್ಲ. ಕಳಿಸಿದ ಹಣ ಹಿಂದಕ್ಕೆ ಎಳೆಯುವಂತೆಯೂ ಇಲ್ಲ.

* ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಡಿಜಿಟಲ್ ನಾಣ್ಯ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆಯಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

* ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ‘ಲೈಕ್ ಒತ್ತಿ, ಹಣ ಗಳಿಸಿ’ ಎಂದು ಬರುವುದು ಇನ್ನೂ ಅಪಾಯದ್ದು. ಮೊದಲು ಸ್ವಲ್ಪ ಕೊಟ್ಟು ನಂಬಿಸುತ್ತಾರೆ, ಆಮೇಲೆ ‘ಡೆಪಾಸಿಟ್’ ಕಟ್ಟಿ ಅನ್ನುತ್ತಾರೆ. ಮೋಸ ಹೋದರೆ ನಾಚಿಕೊಂಡು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ.

ಮರುದಿನ ಇದಿಷ್ಟನ್ನೂ ಓರಗಿತ್ತಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, ‘ಹಾಗಾದ್ರೆ ನನ್ನ ಬರಹ ಯಾರೂ ಓದೋದೇ ಇಲ್ವಾ ಅಕ್ಕಾ?’ ಎಂದಳು. ಅವಳಿಗೆ ಬೇಕಿದ್ದದ್ದು ಡಾಲರ್ ಅಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

‘ನಾಲ್ಕು ವೋಟು ಬಂದಿದೆ ಅಂದ್ಯಲ್ಲ, ಅವರು ಏನಾದ್ರೂ ಬರೆದಿದ್ದಾರಾ ನೋಡು’ ಎಂದೆ. ನೋಡಿದಳು. ಒಬ್ಬರು, ‘ದೊಡ್ಡಪತ್ರೆ ಸಿಗದಿದ್ದರೆ ಒಂದೆಲಗ ಹಾಕಬಹುದಾ?’ ಎಂದು ಕೇಳಿದ್ದರಂತೆ. ಯಂತ್ರ ಯಾವತ್ತಾದರೂ ಇಂಥ ಪ್ರಶ್ನೆ ಕೇಳೀತೇ? ಅವತ್ತೇ ಕೂತು ಒಂದೆಲಗದ ತಂಬುಳಿಯನ್ನೂ ಬರೆದು ಹಾಕಿದಳು. ಎರಡು ಸಾವಿರ ಮತ್ತೆ ಸಾಸಿವೆ ಡಬ್ಬ ಸೇರಿತು.

ಇನ್ನೂರು ಬಾಟ್‌ಗಳ ಚಪ್ಪಾಳೆಗಿಂತ ಮಾಡಿ ಉಂಡು ‘ಚೆನ್ನಾಗಿತ್ತು ಕಣ್ರೀ’ ಎನ್ನುವ ಒಬ್ಬರು ಸಾಕಲ್ಲವೇ? ನೀವೇನಂತೀರಿ?