ಪಟ್ಟಣದ ಪಟ್ಟಿಯಲ್ಲಿ ಇಲ್ಲದ ಕೂಸು

‘ಇವತ್ತಿಗೆ ಎಂಬತ್ತಮೂರು ದಿನ’ ಅಂದರು ಆಕೆ. ಮಡಿಲಲ್ಲಿ ಒಂದು ಹೆಣ್ಣುಕೂಸು ಹೆಬ್ಬೆರಳು ಚೀಪುತ್ತಾ ಮಲಗಿತ್ತು. ಕೂಸಿನ ವಯಸ್ಸು ಹೇಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಕೂಸಿಗೆ ವರ್ಷ ದಾಟಿದಂತಿತ್ತು. ಆಕೆ ಹೇಳಿದ್ದು ತನ್ನ ಕೆಲಸದ ದಿನಗಳ ಲೆಕ್ಕ. ಇನ್ನು ಹದಿನೇಳು ದಿನ ಕಳೆದರೆ ಆಕೆಯ ಸರದಿ ಮುಗಿಯುತ್ತದೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹತ್ತು ಹೆಂಗಸರ ಹೆಸರಿತ್ತು. ಆಕೆಯ ಹೆಸರಿನ ಕೆಳಗಿರುವವರು ಆಮೇಲೆ ಬಂದು ಇದೇ ಚಾಪೆಯ ಮೇಲೆ ಕೂರುತ್ತಾರೆ.

ಬಿಡದಿಯಿಂದ ಹತ್ತೇ ನಿಮಿಷದ ದಾರಿಯಲ್ಲಿರುವ ಒಂದು ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ ಅದು. ನಾನು ಹೋಗಿದ್ದು ಅಂಗನವಾಡಿಗಳ ಕುರಿತು ಬರೆಯಲೆಂದು. ದಾರಿಯಲ್ಲಿ ಇದನ್ನೂ ನೋಡಿಬಿಡಿ ಎಂದು ಗೆಳೆಯರೊಬ್ಬರು ಇಳಿಸಿದರು. ಅರ್ಧ ಗಂಟೆ ಅಂದುಕೊಂಡಿದ್ದೆ, ಮಧ್ಯಾಹ್ನದವರೆಗೆ ಎದ್ದುಬರಲಾಗಲಿಲ್ಲ. ಸುಣ್ಣ ಬಳಿದ ಒಂದು ಕೋಣೆ, ಸೀರೆಯ ಜೋಲಿ, ಏಳು ಕೂಸುಗಳು, ಇಬ್ಬರು ಹೆಂಗಸರು. ಒಂದು ಮಗು ಚನ್ನಪಟ್ಟಣದ ಮರದ ಗಿಲಕಿಯನ್ನು ಬಾಯಿಗೆ ಹಾಕಿಕೊಂಡಿತ್ತು. ಅರಗಿನ ಬಣ್ಣ, ಚೀಪಿದರೂ ಭಯವಿಲ್ಲ. ನಮ್ಮ ಜಿಲ್ಲೆಯ ಗಿಲಕಿ ನಮ್ಮ ಜಿಲ್ಲೆಯ ಕೂಸಿನ ಕೈಯಲ್ಲಿ ಇದ್ದದ್ದು ಕಂಡು ಮನಸ್ಸು ಅರಳಿತು.

ಕೂಸಿನ ಮನೆ ಮೂರು ವರ್ಷದೊಳಗಿನ ಮಕ್ಕಳಿಗೆ. ನಡೆಸುವುದು ಗ್ರಾಮ ಪಂಚಾಯಿತಿ. ನೋಡಿಕೊಳ್ಳುವವರು ಉದ್ಯೋಗ ಚೀಟಿ ಇರುವ ಊರಿನ ಹೆಂಗಸರೇ. ತರಬೇತಿ ಕೊಡುತ್ತಾರೆ, ಕೂಲಿ ನರೇಗಾದಿಂದ ಬರುತ್ತಿತ್ತು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನ ಎಂಬ ಮಿತಿ ನರೇಗಾದಲ್ಲಿ ಇದ್ದುದರಿಂದ ಒಬ್ಬಾಕೆಗೆ ಹೆಚ್ಚೆಂದರೆ 37,000 ರೂಪಾಯಿ. ಕೆರೆ ಹೂಳೆತ್ತುವುದಕ್ಕೆ, ಬದು ಹಾಕುವುದಕ್ಕೆ ಮಾಡಿದ ಲೆಕ್ಕವನ್ನೇ ಕೂಸು ಆಡಿಸುವ ಕೆಲಸಕ್ಕೂ ಹೊಂದಿಸಿದ್ದಾರೆ. ಬದುವಿಗೆ ಯಾರ ಗುದ್ದಲಿ ಬಿದ್ದರೂ ಒಂದೇ. ಕೂಸಿಗೆ ಹಾಗಲ್ಲ, ಅದಕ್ಕೆ ಸೀರೆಯ ವಾಸನೆಯೇ ಗುರುತು. ಸರದಿ ಬದಲಾದ ವಾರ ಮಕ್ಕಳು ಬಹಳ ಅಳುತ್ತವೆ ಎಂದು ಇಬ್ಬರೂ ಹೇಳಿದರು. ಹೋದ ಸಲ ನೂರು ದಿನ ಮುಗಿದ ಮೇಲೂ, ಎಂಬತ್ತಮೂರು ದಿನದ ಲೆಕ್ಕ ಹೇಳಿದ ಆಕೆ ಹೊಲಕ್ಕೆ ಹೋಗುವಾಗ ಒಳಗೆ ಬಂದು ಒಂದು ಗಳಿಗೆ ಕೂತು ಹೋಗುತ್ತಿದ್ದರಂತೆ. ಆ ಗಳಿಗೆಗೆ ಹಾಜರಿ ಇಲ್ಲ, ಕೂಲಿಯೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ನರೇಗಾ ಬದಲಿಗೆ ಬಂದ ಹೊಸ ಕಾಯ್ದೆಯಲ್ಲಿ ನೂರು ದಿನ 125 ಆಗಿದೆ. ಕೂಸಿನ ಮನೆಯ ಕೂಲಿ ಮುಂದೆಯೂ ಇದೇ ಬಾಬ್ತಿನಿಂದ ಬಂದರೆ ಸರದಿಯ ಹಾಳೆಯಲ್ಲಿ ಅಂಕಿ ಬದಲಾಗಬಹುದು, ಹಾಳೆ ಗೋಡೆಯಲ್ಲೇ ಇರುತ್ತದೆ.

ಇಷ್ಟು ಕೊರತೆ ಇದ್ದರೂ ಆ ಕೋಣೆ ಇದೆಯಲ್ಲ, ಅದೇ ದೊಡ್ಡದು ಎಂದು ನನಗೆ ಗೊತ್ತಾದದ್ದು ಬಿಡದಿ ಪೇಟೆಗೆ ಮರಳಿದ ಮೇಲೆ. ಪೇಟೆಯಲ್ಲಿ ಕೂಸಿನ ಮನೆ ಎಲ್ಲಿದೆ ಎಂದು ಕೇಳಿದೆ. ಅದು ಪಂಚಾಯಿತಿಗಳಿಗೆ ಮಾತ್ರ, ಇದು ಪುರಸಭೆ ಎಂಬ ಉತ್ತರ ಬಂತು. ಬಿಡದಿಯೂ ಗ್ರಾಮ ಪಂಚಾಯಿತಿಯೇ ಆಗಿತ್ತು. ಪುರಸಭೆಯಾಗಿ ಈಗ 23 ವಾರ್ಡ್‌ಗಳಿವೆ. ಪಂಚಾಯಿತಿಯಾಗಿಯೇ ಉಳಿದಿದ್ದರೆ ಕೂಸಿನ ಮನೆ ಸಿಗುತ್ತಿತ್ತೇ?

ಅಂದು ರಾತ್ರಿ ಸಂವಿಧಾನ ತೆಗೆದು ಕೂತೆ. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, 74ನೆಯದು ಅದೇ ವರ್ಷ ಜೂನ್ 1ರಂದು. ನಡುವೆ ಬರೀ ಐದು ವಾರ. ಮೊದಲನೆಯದರ ಜೊತೆ ಹನ್ನೊಂದನೇ ಅನುಸೂಚಿ ಬಂತು, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳು. ಅದರ 25ನೇ ಸಾಲು: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಎರಡನೆಯದರ ಜೊತೆ ಹನ್ನೆರಡನೇ ಅನುಸೂಚಿ, ಪಟ್ಟಣಗಳಿಗೆ 18 ವಿಷಯ. ಒಂದೊಂದಾಗಿ ಓದಿದೆ. ನಗರ ಯೋಜನೆ, ರಸ್ತೆ, ಸೇತುವೆ, ನೀರು, ನೈರ್ಮಲ್ಯ, ಅಗ್ನಿಶಾಮಕ. ಕೊಳೆಗೇರಿ ಸುಧಾರಣೆ. ಉದ್ಯಾನ, ಆಟದ ಮೈದಾನ. ಸ್ಮಶಾನ 14ನೆಯದು. ದನದ ದೊಡ್ಡಿ, ಪ್ರಾಣಿಹಿಂಸೆ ತಡೆ 15. ಜನನ ಮರಣ ನೋಂದಣಿ 16. ಬೀದಿದೀಪ, ಬಸ್ ನಿಲ್ದಾಣ 17. ಕಸಾಯಿಖಾನೆ 18. ಪಟ್ಟಿ ಮುಗಿಯಿತು. ಮತ್ತೆ ಮೇಲಿನಿಂದ ಓದಿದೆ. ಮಕ್ಕಳ ಅಭಿವೃದ್ಧಿ ಎಂಬ ಸಾಲು ಇಲ್ಲ.

ದುರ್ಬಲ ವರ್ಗಗಳ ಹಿತರಕ್ಷಣೆ ಎಂಬ ಸಾಲಿದೆ, ಸಾಮಾಜಿಕ ಅಭಿವೃದ್ಧಿಗೆ ಯೋಜನೆ ಎಂದೂ ಇದೆ. ಮನಸ್ಸಿದ್ದ ಪುರಸಭೆ ಅವುಗಳಡಿ ಮಕ್ಕಳ ಕೆಲಸ ಮಾಡಬಹುದು. ಆದರೆ ಹೆಸರಿಟ್ಟು ಕರೆಯದ ಕೆಲಸಕ್ಕೆ ಹುದ್ದೆ ಹುಟ್ಟುವುದಿಲ್ಲ. ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು, ಪಿಡಿಒ ಮುಂದೆ ಮಕ್ಕಳೇ ಎದ್ದು ನಿಂತು ಶೌಚಾಲಯ ಕೇಳುತ್ತಾರೆ. ಪಟ್ಟಣದ ಕೂಸಿನ ಹೆಸರು ಪುರಸಭೆಯ ಪುಸ್ತಕಕ್ಕೆ ಬರುವುದು ಹುಟ್ಟಿದಾಗ ಒಮ್ಮೆ. ಆಮೇಲೆ ಅದನ್ನು ಕೇಳುವ ಸಾಲು ಆ ಪಟ್ಟಿಯಲ್ಲಿಲ್ಲ. ಈ ಒಂದು ಸಾಲಿನ ಮೇಲೆ ನಾನು ಇಷ್ಟು ಹೊತ್ತು ನಿಂತದ್ದಕ್ಕೆ ಕಾರಣ, ಮೂವತ್ತು ವರ್ಷ ಪತ್ರಿಕೆ ಓದಿದ ನನಗೂ ಇದು ಕಂಡಿರಲಿಲ್ಲ.

ಹಾಗಾಗಿ ಪಟ್ಟಣದಲ್ಲಿ ಎಲ್ಲ ಭಾರವೂ ಅಂಗನವಾಡಿ ಟೀಚರ್ ಮತ್ತು ಸಹಾಯಕಿಯ ಮೇಲೆ. ಅವರು ಪುರಸಭೆಯವರಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು. ಇಲಾಖೆಯ ನೌಕರರೇ ಎಂದರೆ ಅದೂ ಅಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ರಾಜ್ಯದಲ್ಲಿ ಮೊದಲು ಅಂಗನವಾಡಿ ಬಂದದ್ದು ತಿ.ನರಸೀಪುರಕ್ಕೆ. ಅಂದಿನಿಂದ ಇಂದಿನವರೆಗೂ ಅವರಿಗೆ ಕೊಡುವ ಹಣಕ್ಕೆ ಗೌರವಧನ ಎಂದೇ ಹೆಸರು. ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಗ್ರಾಚ್ಯುಟಿಗೆ ಅರ್ಹರು ಎಂದು ಅದೇ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಕೇಂದ್ರ ತನ್ನ ಪಾಲನ್ನು 2018ರಲ್ಲಿ 3,000ದಿಂದ 4,500 ರೂಪಾಯಿಗೆ ಏರಿಸಿತು. ರಾಜ್ಯ 2025ರ ಬಜೆಟ್‌ನಲ್ಲಿ ಟೀಚರ್‌ಗೆ 1,000, ಸಹಾಯಕಿಗೆ 750 ಹೆಚ್ಚಿಸಿತು. ಪ್ರತಿ ಏರಿಕೆಯ ಹಿಂದೆಯೂ ಫ್ರೀಡಂ ಪಾರ್ಕಿನ ಬೀದಿಯಲ್ಲಿ ಮಲಗೆದ್ದ ರಾತ್ರಿಗಳಿವೆ.

ನಾನು ಹೋದ ಪೇಟೆಯ ಅಂಗನವಾಡಿ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿತ್ತು. ಮಕ್ಕಳು ಪದ್ಯ ಹೇಳುತ್ತಿದ್ದವು. ಕೆಲವಕ್ಕೆ ಮನೆಮಾತು ಹಿಂದಿ, ಒಂದಕ್ಕೆ ಒಡಿಯಾ. ಎಲ್ಲರ ಬಾಯಲ್ಲೂ ಕನ್ನಡ ಪದ್ಯ ಕೇಳಿ ಖುಷಿಯಾಯಿತು. ಟೀಚರ್ ಕೈಯಲ್ಲಿ ಮಾತ್ರ ಫೋನು. ಮನೆಗೆ ಒಯ್ಯುವ ಆಹಾರ ಕೊಡಬೇಕಾದರೆ 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಫಲಾನುಭವಿಯ ಮುಖ ಹೊಂದಿಕೆಯಾಗಬೇಕು. ತಾಯಿ ಬಂದು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ತಾಯಿ ಕಂಪ್ನಿಯಲ್ಲಿರುತ್ತಾಳೆ. ಹಾಗಾಗಿ ಟೀಚರ್ ಸಂಜೆ ಏಳಕ್ಕೆ ಅವರು ವಾಸಿಸುವ ಶೆಡ್ಡುಗಳ ಸಾಲಿಗೆ ಫೋನು ಹಿಡಿದು ಹೋಗುತ್ತಾರೆ. ಸರ್ವರ್ ಸಿಗದಿದ್ದರೆ ಮರುದಿನ ಮತ್ತೆ. ಕಳ್ಳತನ ತಡೆಯಲು ತಂದ ವ್ಯವಸ್ಥೆ ಇರಬಹುದು. ನಾನು ಕಂಡಂತೆ ಅದು ನುಂಗುತ್ತಿರುವುದು ಮಕ್ಕಳೊಂದಿಗೆ ಕೂರಬೇಕಾದ ಟೀಚರ್ ಹೊತ್ತನ್ನು.

ಇನ್ನೊಂದು ಸಂಗತಿ ಇದಕ್ಕಿಂತ ಕಠಿಣ. ಅಂಗನವಾಡಿಯಲ್ಲಿ ಕೂರುವುದು ಮೂರು ದಾಟಿದ ಮಕ್ಕಳು. ಚಿಕ್ಕವಕ್ಕೆ ಆಹಾರದ ಪೊಟ್ಟಣ ಸಿಗುತ್ತದೆ, ಜಾಗ ಸಿಗುವುದಿಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಇಪ್ಪತ್ತು ಹೆಂಗಸರ ಬಿಡಿಭಾಗದ ಘಟಕ, ಗುತ್ತಿಗೆಯ ಹೌಸ್‌ಕೀಪಿಂಗ್, ಹೆದ್ದಾರಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ನಸುಕಿಗೇ ಹಿಟ್ಟು ರುಬ್ಬುವವರು ಆ ಲೆಕ್ಕದ ಆಚೆಗೇ ಉಳಿದರು. ಆರು ಗಂಟೆಯ ಶಿಫ್ಟಿಗೆ ಹೊರಟ ತಾಯಿಯ ಎರಡು ವರ್ಷದ ಕೂಸನ್ನು ನೋಡಿಕೊಳ್ಳುವುದು ಅದರ ಎಂಟು ವರ್ಷದ ಅಕ್ಕ. ಅವಳ ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿಯಾಗಿ ಕಾಣುತ್ತದೆ.

ಭೈರಮಂಗಲ, ಕಂಚುಗಾರನಹಳ್ಳಿ ಸೀಮೆಯಲ್ಲಿ ಬಿಡದಿ ಉಪನಗರ ಯೋಜನೆಯ ಭೂಸ್ವಾಧೀನದ ವಿರುದ್ಧ ರೈತರು ಧರಣಿ ಕೂತಿದ್ದು ಎಲ್ಲರಿಗೂ ಗೊತ್ತು. ಜಮೀನಿನ ದರದ ಮಾತು ದಿನವೂ ಪತ್ರಿಕೆಯಲ್ಲಿದೆ. ಆ ಪಂಚಾಯಿತಿಗಳು ಪಟ್ಟಣವಾದ ದಿನ 25ನೇ ಸಾಲಿನಿಂದ ಅಲ್ಲಿನ ಮಕ್ಕಳೂ ಹೊರಬೀಳುತ್ತಾರೆ ಎಂಬುದನ್ನು ಇದುವರೆಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ದಾರಿ ಇಲ್ಲವೆಂದಲ್ಲ. ರಾಜ್ಯದ ಪ್ರತಿ ಪುರಸಭೆಯೂ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಹಣ ತೆಗೆದಿಡುತ್ತದೆ. ಆ ಶೇ 7.25ರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು, ನೂರು ದಿನಕ್ಕೆ ಬದಲಾಗದ ಇಬ್ಬರು ಹೆಂಗಸರಿಗೆ ವರ್ಷಪೂರ್ತಿ ಸಂಬಳ ಕೊಡಬಹುದು. ಬಜೆಟ್‌ಗೆ ಮುಂಚೆ ಪುರಸಭೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತದೆ. ಅಲ್ಲಿ ಚರಂಡಿ, ಬೀದಿದೀಪ, ಪಾರ್ಕಿನ ಮಾತು ಬರುತ್ತದೆ. ಬಿಡದಿಯ ಓದುಗರೇ, ಈ ಸಲ ನೀವು ಹೋಗಿ. ನಮ್ಮ ವಾರ್ಡಿನ ಮೂರು ವರ್ಷದೊಳಗಿನ ಮಕ್ಕಳಿಗೆ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.